ಹಾಡಿನ ಹೊದಿಕೆಯ ಮೇಲೊಂದು ನಕ್ಷತ್ರ

ಹಳೆಯ ಗ್ರಾಮಫೋನು ಪ್ಲೇಟುಗಳು ಯಾರ ಮನೆಯ ಅಟ್ಟದಲ್ಲಿಯಾದರೂ ಉಳಿದಿದ್ದರೆ, ಅವುಗಳ ಹೊದಿಕೆಯನ್ನು ಒಮ್ಮೆ ಗಮನಿಸಬೇಕು. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಆ ಅರಗಿನ ತಟ್ಟೆಗಳಿಗೆ ಸಾಮಾನ್ಯವಾಗಿ ಇದ್ದುದು ಒಂದು ಒರಟು ಕಾಗದದ ಚೀಲ ಮಾತ್ರ. ಚೀಲದ ನಡುವೆ ದುಂಡನೆಯ ಒಂದು ರಂಧ್ರ. ಆ ರಂಧ್ರದೊಳಗಿಂದ ಇಣುಕುವ ಚೀಟಿಯನ್ನು ಓದಿ, ಹಾಡು ಯಾವುದು, ಹಾಡಿದವರು ಯಾರು ಎಂದು ತಿಳಿದುಕೊಳ್ಳಬೇಕಾಗಿತ್ತು. ತಟ್ಟೆಗೆ ಧೂಳು ತಾಗದಂತೆ ಕಾಯುವುದೊಂದೇ ಹೊದಿಕೆಯ ಕೆಲಸವಾಗಿತ್ತು. ಅದರ ಮೇಲೆ ಚಿತ್ರವನ್ನು ಮುದ್ರಿಸಿ ಕೊಳ್ಳುವವರ ಕಣ್ಣನ್ನು ಸೆಳೆಯಬಹುದೆಂದು ೧೯೪೦ರಲ್ಲಿ ತೋರಿಸಿಕೊಟ್ಟವನು ಅಮೆರಿಕದ ಕೊಲಂಬಿಯಾ ಸಂಸ್ಥೆಯ ಚಿತ್ರಕಾರ ಅಲೆಕ್ಸ್ ಸ್ಟೈನ್‌ವೈಸ್. ೧೯೪೮ರಲ್ಲಿ ಅದೇ ಸಂಸ್ಥೆ ನಿಮಿಷಕ್ಕೆ ೩೩⅓ ಸುತ್ತು ತಿರುಗುವ ದೀರ್ಘ ಧ್ವನಿಮುದ್ರಿಕೆಯನ್ನು ಹೊರತಂದಿತು. ಆಮೇಲೆ, ಒಂದು ಅಡಿಗಿಂತ ತುಸು ಹೆಚ್ಚು ಉದ್ದಗಲದ ಆ ರಟ್ಟಿನ ಚೌಕವು ಚಿತ್ರಕಲೆಗೆ ದೊರೆತ ಒಂದು ಹೊಸ ಗೋಡೆಯೇ ಆಯಿತು.

ಈ ಗೋಡೆಯ ಮೇಲೆ ಮೂಡಿದ ಸಾವಿರಾರು ಚಿತ್ರಗಳಲ್ಲಿ ಒಂದನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸಲಿದ್ದೇವೆ. ಅದೇಕೆಂದರೆ, ಅದನ್ನು ಬರೆದವನು ಚಿತ್ರಕಾರನಲ್ಲ. ಬರೆಯುವಾಗ ಅದು ಹಾಡಿಗೆಂದು ಬರೆದುದೂ ಅಲ್ಲ. ಗಣಕಯಂತ್ರವೊಂದು ಎಳೆದ ರೇಖೆಗಳು ಆಕಾಶದಿಂದ ಅಂಗಡಿಯ ಕಪಾಟಿನವರೆಗೆ ಹೇಗೆ ಇಳಿದುಬಂದುವು, ದಾರಿಯಲ್ಲಿ ಏನನ್ನು ಉಳಿಸಿಕೊಂಡುವು, ಏನನ್ನು ಕಳೆದುಕೊಂಡುವು ಎಂಬುದು ವಿಚಾರಮಾಡತಕ್ಕ ಸಂಗತಿಯಾಗಿದೆ.

೧೯೭೯ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆಯೊಂದು ಜಾಯ್ ಡಿವಿಷನ್ ಎಂಬ ತರುಣರ ತಂಡದ ಮೊದಲ ದೀರ್ಘ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು. ಅದರ ಹೆಸರು ‘ಅನ್‌ನೋನ್ ಪ್ಲೆಷರ್ಸ್’. ಹೊದಿಕೆಯ ಮುಂಬದಿಯಲ್ಲಿ ತಂಡದ ಹೆಸರಿಲ್ಲ, ಹಾಡುಗಳ ಹೆಸರಿಲ್ಲ, ಭಾವಚಿತ್ರವಂತೂ ಇಲ್ಲವೇ ಇಲ್ಲ. ಇರುಳಿನಂಥ ಕಪ್ಪು ಹಿನ್ನೆಲೆಯ ನಡುವೆ, ಒಂದರ ಮೇಲೊಂದರಂತೆ ಅಡುಕಿದ ತೆಳುವಾದ ಬಿಳಿಯ ಗೆರೆಗಳು ಮಾತ್ರ ಇವೆ. ಪ್ರತಿಯೊಂದು ಗೆರೆಯೂ ಎರಡು ಬದಿಗಳಲ್ಲಿ ಬಹುಮಟ್ಟಿಗೆ ಸಮತಟ್ಟಾಗಿದ್ದು, ನಡುವಿನಲ್ಲಿ ಶಿಖರಗಳಾಗಿ ಏಳುತ್ತದೆ. ಮಲೆನಾಡಿನ ಎತ್ತರದ ಜಾಗದಲ್ಲಿ ನಿಂತು ಮುಂಜಾವಿನ ಮಂಜಿನಲ್ಲಿ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮತ್ತೊಂದು ಬೆಟ್ಟ ಕಾಣುವುದನ್ನು ನೋಡಿದವರಿಗೆ ಆ ನೋಟವೇ ನೆನಪಾದೀತು. ಕೆಲವರಿಗೆ ಅದು ಸಮುದ್ರದ ಅಲೆಯಂತೆ ತೋರಬಹುದು. ಇನ್ನು ಕೆಲವರಿಗೆ ಎದೆಬಡಿತದ ನಕ್ಷೆಯಂತೆ. ಹಾಡಿನ ಹೊದಿಕೆಯಾದುದರಿಂದ ಅದು ಧ್ವನಿತರಂಗದ ಚಿತ್ರವೇ ಇರಬೇಕೆಂದು ಊಹಿಸುವುದೂ ಸಹಜ.

ಈ ಯಾವ ಊಹೆಯೂ ಸರಿಯಲ್ಲ. ಅದು ಒಂದು ನಕ್ಷತ್ರದ ಬರೆಹ.

ಕಾಗದದ ಮೇಲಿನ ಕಲೆ

ಆ ನಕ್ಷತ್ರದ ಪರಿಚಯಕ್ಕಾಗಿ ನಾವು ೧೯೬೭ನೆಯ ಇಸವಿಗೆ, ಕೇಂಬ್ರಿಜ್ ನಗರದ ಹೊರವಲಯದ ಒಂದು ಬಯಲಿಗೆ ಹೋಗಬೇಕು. ಅಲ್ಲಿ ಆಂಟನಿ ಹ್ಯೂಯಿಷ್ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಸುಮಾರು ನಾಲ್ಕೂವರೆ ಎಕರೆ ನೆಲದ ಮೇಲೆ ಕಂಬಗಳನ್ನು ನೆಟ್ಟು, ತಂತಿ ಬಿಗಿದು, ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಲಾಗಿತ್ತು. ಕಟ್ಟಿದವರಲ್ಲೊಬ್ಬಳು ಜಾಸ್ಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿ. ಆಕಾಶದಿಂದ ಬಂದ ರೇಡಿಯೋ ಅಲೆಗಳ ಏರಿಳಿತವನ್ನು ಲೇಖನಿಯೊಂದು ಕಾಗದದ ಸುರುಳಿಯ ಮೇಲೆ ಬರೆಯುತ್ತಿತ್ತು. ದಿನವೊಂದಕ್ಕೆ ಸುಮಾರು ೩೦ ಮೀಟರು ಕಾಗದ! ಅದೆಲ್ಲವನ್ನೂ ಕಣ್ಣಿನಿಂದಲೇ ಪರೀಕ್ಷಿಸುವ ಹೊಣೆ ಬೆಲ್ ಅವರದಾಗಿತ್ತು. ಆ ಸುರುಳಿಯಲ್ಲಿ ಒಂದೆಡೆ ನಕ್ಷತ್ರದ್ದೂ ಅಲ್ಲದ, ಮನುಷ್ಯರ ಯಂತ್ರಗಳ ಗದ್ದಲವೂ ಅಲ್ಲದ ಒಂದು ಚಿಕ್ಕ ಕಲೆ ಕಾಣಿಸಿತು. ಬೇರೆಯವರಾಗಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದರೋ ಏನೋ, ಬೆಲ್ ಬಿಡಲಿಲ್ಲ. ಹಿಂದಿನ ಸುರುಳಿಗಳನ್ನು ಬಿಚ್ಚಿ ನೋಡಿದಾಗ ಆಕಾಶದ ಅದೇ ಭಾಗದಿಂದ ಅದು ಮೊದಲೂ ಬಂದಿತ್ತೆಂಬುದು ತಿಳಿಯಿತು. ನಮ್ಮ ಗಡಿಯಾರದ ೨೪ ಗಂಟೆಗಳಿಗೊಮ್ಮೆ ಅಲ್ಲ, ನಕ್ಷತ್ರಗಳ ಗಡಿಯಾರದಂತೆ ೨೩ ಗಂಟೆ ೫೬ ನಿಮಿಷಗಳಿಗೊಮ್ಮೆ ಅದು ಮರಳುತ್ತಿತ್ತು. ಎಂದಮೇಲೆ ಅದರ ಮೂಲ ಭೂಮಿಯ ಮೇಲಿನದಲ್ಲ.

೧೯೬೭ರ ನವೆಂಬರ್ ೨೮ರಂದು ಕಾಗದವನ್ನು ವೇಗವಾಗಿ ಓಡಿಸಿ ಬರೆಸಿದಾಗ ಆ ಕಲೆ ಬಿಡಿಬಿಡಿಯಾದ ಮಿಡಿತಗಳಾಗಿ ಒಡೆಯಿತು. ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ನಡುವಿನ ಅವಧಿ ೧.೩೩೭ ಸೆಕೆಂಡು, ಅದರಲ್ಲಿ ವ್ಯತ್ಯಾಸವೇ ಇಲ್ಲ. ಇಷ್ಟೊಂದು ನಿಯಮಬದ್ಧವಾದ ಸಂಕೇತವನ್ನು ಕಳುಹಿಸುತ್ತಿರುವವರು ಬೇರೆ ಲೋಕದ ಜೀವಿಗಳಾಗಿರಬಹುದೇ ಎಂದು ತಮಾಷೆಗಾಗಿ ‘ಪುಟ್ಟ ಹಸುರು ಮನುಷ್ಯರು’ ಎಂಬ ಅಡ್ಡಹೆಸರನ್ನು ಅವರು ಅದಕ್ಕೆ ಇಟ್ಟಿದ್ದುಂಟು. ಆಕಾಶದ ಮತ್ತೊಂದು ಭಾಗದಲ್ಲಿಯೂ ಇಂಥದೇ ಮಿಡಿತವನ್ನು ಬೆಲ್ ಕಂಡುಹಿಡಿದಾಗ ಆ ತಮಾಷೆ ಕೊನೆಗೊಂಡಿತು. ೧೯೬೮ರ ಫೆಬ್ರುವರಿಯಲ್ಲಿ ಸುದ್ದಿ ಲೋಕಕ್ಕೆ ತಿಳಿಯಿತು. ಇಂಥ ಕಾಯಗಳಿಗೆ ಪಲ್ಸಾರ್, ಎಂದರೆ ಮಿಡಿಯುವ ತಾರೆ, ಎಂಬ ಹೆಸರು ಬಂದಿತು. ಮೊದಲನೆಯದಕ್ಕೆ, ಕೇಂಬ್ರಿಜ್ ಪಲ್ಸಾರ್ ಎಂಬುದರ ಮೊದಲಕ್ಷರಗಳನ್ನೂ ಆಕಾಶದ ನಕ್ಷೆಯಲ್ಲಿ ಅದರ ಸ್ಥಾನವನ್ನು ಸೂಚಿಸುವ ಅಂಕಿಗಳನ್ನೂ ಸೇರಿಸಿ, ಸಿ.ಪಿ. ೧೯೧೯ ಎಂದು ಕರೆದರು.

ಭಾರವಾದ ನಕ್ಷತ್ರವೊಂದು ಸಿಡಿದು ಸತ್ತಾಗ ಅದರ ತಿರುಳು ಕುಸಿದು, ಸೂರ್ಯನಿಗಿಂತ ಹೆಚ್ಚಿನ ದ್ರವ್ಯವು ಸುಮಾರು ೨೦ ಕಿಲೋಮೀಟರು ಅಡ್ಡಳತೆಯ ಗೋಳದೊಳಗೆ ಅಡಕವಾಗಿ ಉಳಿಯುವುದುಂಟು. ಬೆಂಗಳೂರು ನಗರದಷ್ಟೇ ಹರವಿನ ಜಾಗದಲ್ಲಿ ಒಂದು ಸೂರ್ಯ! ಇದೇ ನ್ಯೂಟ್ರಾನ್ ತಾರೆ. ಅದರ ಕಾಂತಧ್ರುವಗಳ ಕಡೆಯಿಂದ ರೇಡಿಯೋ ಅಲೆಗಳ ಕಿರಣವೊಂದು ಹೊರಚಿಮ್ಮುತ್ತದೆ. ತಾರೆ ತಿರುಗಿದಂತೆ ಆ ಕಿರಣವೂ ಕರಾವಳಿಯ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತದೆ. ನಮ್ಮ ಕಡೆಗೆ ತಿರುಗಿದಾಗಲೆಲ್ಲ ಒಂದು ಮಿಡಿತ. ಕಿರಣವು ಕಾಂತಧ್ರುವಕ್ಕೆ ಸಂಬಂಧಿಸಿದುದೆಂಬ ವಿಚಾರಕ್ಕೆ ೧೯೬೯ರಲ್ಲಿ ಬಲವಾದ ಆಧಾರವನ್ನು ಒದಗಿಸಿದವರಲ್ಲಿ ನಮ್ಮ ವಿ. ರಾಧಾಕೃಷ್ಣನ್ ಅವರೂ ಒಬ್ಬರು. ಆಗ ಆಸ್ಟ್ರೇಲಿಯದಲ್ಲಿದ್ದ ಅವರು ೧೯೭೨ರಿಂದ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದರು. ಮುಂದೆ ಗೌರಿಬಿದನೂರಿನ ರೇಡಿಯೋ ದೂರದರ್ಶಕವೂ ಪಲ್ಸಾರುಗಳ ಮಿಡಿತವನ್ನು ಹಿಡಿಯಿತು.

ಇಲ್ಲಿ ಓದುಗರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ೧.೩೩೭ ಸೆಕೆಂಡಿಗೆ ಒಂದು ಸುತ್ತಾದರೆ ನಿಮಿಷಕ್ಕೆ ಎಷ್ಟು ಸುತ್ತು? ಹೆಚ್ಚುಕಡಮೆ ೪೫. ಗ್ರಾಮಫೋನು ಯಂತ್ರದ ಮೇಲೆ ಚಿಕ್ಕ ತಟ್ಟೆಗಳು ತಿರುಗುವ ವೇಗವೂ ಸರಿಯಾಗಿ ಇದೇ! ಸೂರ್ಯನಿಗಿಂತ ಭಾರವಾದ ಕಾಯವೊಂದು ಆಕಾಶದಲ್ಲಿ ಹಾಡಿನ ತಟ್ಟೆಯ ವೇಗದಲ್ಲಿ ತಿರುಗುತ್ತಿದೆ. ಇದು ಕೇವಲ ಕಾಕತಾಳೀಯ. ಆದರೂ ಅದರ ಚಿತ್ರವನ್ನು ಹೊತ್ತ ಹೊದಿಕೆಯನ್ನು ಕೈಯಲ್ಲಿ ಹಿಡಿದಾಗ ಈ ಮಾತನ್ನು ನೆನೆಯದಿರುವುದು ಕಷ್ಟ.

ಅಂಕಿಗಳು ಗೆರೆಗಳಾದ ಬಗೆ

ಪಲ್ಸಾರುಗಳ ಸುದ್ದಿ ಹಬ್ಬಿದೊಡನೆ ಪೋರ್ಟೊರಿಕೊ ದ್ವೀಪದ ಅರೆಸಿಬೊ ವೀಕ್ಷಣಾಲಯ ಅವುಗಳ ಕಡೆಗೆ ತಿರುಗಿತು. ಬೆಟ್ಟಗಳ ನಡುವಿನ ಒಂದು ತಗ್ಗಿನಲ್ಲಿ ಹಾಸಿದ ೩೦೫ ಮೀಟರು ಅಡ್ಡಳತೆಯ ಬೋಗುಣಿ ಅಲ್ಲಿತ್ತು. ಅತಿ ಕ್ಷೀಣವಾದ ಅಲೆಗಳನ್ನು ಹಿಡಿಯಲು ಅದಕ್ಕಿಂತ ದೊಡ್ಡ ಪಾತ್ರೆ ಆ ಕಾಲದಲ್ಲಿ ಬೇರೆಲ್ಲಿಯೂ ಇರಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಹೆರಾಲ್ಡ್ ಕ್ರಾಫ್ಟ್ ಅಲ್ಲಿ ಕೆಲಸಮಾಡುತ್ತಿದ್ದರು.

ಮಿಡಿತಗಳ ನಡುವಿನ ಅವಧಿ ಬದಲಾಗದಿದ್ದರೂ ಒಂದು ಮಿಡಿತದಂತೆ ಇನ್ನೊಂದು ಇರುವುದಿಲ್ಲ. ಒಂದಕ್ಕೆ ಒಂದೇ ಶಿಖರ, ಇನ್ನೊಂದಕ್ಕೆ ಎರಡು, ಮತ್ತೊಂದು ಎತ್ತರ, ಅದರ ಮುಂದಿನದು ಮೋಟು. ಈ ಬದಲಾವಣೆಗಳ ಒಳಗೆ ಏನಾದರೂ ಕ್ರಮವಿದೆಯೇ? ಮಿಡಿತದೊಳಗಿನ ಚಿಕ್ಕ ಶಿಖರಗಳು ಸುತ್ತಿನಿಂದ ಸುತ್ತಿಗೆ ನಿಧಾನವಾಗಿ ಒಂದು ಕಡೆಗೆ ಸರಿಯುತ್ತಿವೆಯೇ? ಫ್ರ್ಯಾಂಕ್ ಡ್ರೇಕ್ ಅವರೊಡನೆ ಸೇರಿ ಕ್ರಾಫ್ಟ್ ೧೯೬೮ರಲ್ಲಿಯೇ, ಮಿಡಿತಗಳ ಒಳಗೆ ಎರಡನೆಯದೊಂದು ಲಯವೂ ಉಂಟೆಂದು ತಿಳಿಸಿದ್ದರು. ಅದನ್ನು ಕಣ್ಣಾರೆ ಕಾಣುವುದು ಹೇಗೆ ಎಂಬುದು ಪ್ರಶ್ನೆ.

ಗಣಕಯಂತ್ರದಲ್ಲಿ ಇದ್ದುದು ಅಂಕಿಗಳು ಮಾತ್ರ. ಸೆಕೆಂಡಿನ ಅತ್ಯಲ್ಪ ಭಾಗಗಳಿಗೊಮ್ಮೆ ಅಲೆಯ ಬಲವನ್ನು ಅಳೆದು ಸಂಖ್ಯೆಯನ್ನಾಗಿ ಮಾಡಿದರೆ, ಕೆಲವೇ ನಿಮಿಷಗಳಲ್ಲಿ ಸಂಖ್ಯೆಗಳ ಒಂದು ಕಾಡೇ ಬೆಳೆಯುತ್ತದೆ. ಪುಟಗಟ್ಟಲೆ ಅಂಕಿಗಳನ್ನು ಎಷ್ಟು ದಿಟ್ಟಿಸಿದರೂ ಅದರಲ್ಲಿ ಸರಿತ ಕಾಣಿಸದು. ಆದರೆ ಪ್ರತಿಯೊಂದು ಸುತ್ತಿನ ಅಲೆಯನ್ನೂ ಒಂದು ಗೆರೆಯಾಗಿ ಬರೆದು, ಮುಂದಿನ ಸುತ್ತನ್ನು ಸರಿಯಾಗಿ ಅದರ ಮೇಲಿಟ್ಟರೆ, ಸಾಲಿನಿಂದ ಸಾಲಿಗೆ ಆಗುವ ಸ್ಥಳಾಂತರವನ್ನು ಕಣ್ಣು ಕ್ಷಣಮಾತ್ರದಲ್ಲಿ ಹಿಡಿಯುತ್ತದೆ. ಬಟ್ಟೆಯ ನೇಯ್ಗೆಯಲ್ಲಿ ತಪ್ಪಿದ ಒಂದು ಎಳೆಯನ್ನು ಗುರುತಿಸುವ ಕಣ್ಣಲ್ಲವೇ ಅದು! ಕ್ರಾಫ್ಟ್ ಇದಕ್ಕಾಗಿ ಗಣಕಯಂತ್ರಕ್ಕೆ ಆದೇಶಗಳ ಸರಣಿಯನ್ನು ಬರೆದರು.

ಗೆರೆಗಳನ್ನು ಒತ್ತೊತ್ತಾಗಿ ಅಡುಕಿದೊಡನೆ ಒಂದು ತೊಡಕು ಎದುರಾಯಿತು. ಮುಂದಿನ ಗೆರೆಯ ಶಿಖರವೂ ಹಿಂದಿನ ಗೆರೆಯ ತಗ್ಗೂ ಒಂದರೊಳಗೊಂದು ಹೆಣೆದುಕೊಂಡು, ಯಾವುದು ಯಾರದೆಂದು ತಿಳಿಯದಂಥ ಸಿಕ್ಕು ಆಯಿತು. ಬೆಟ್ಟದ ಹಿಂದಿರುವುದು ನಮಗೆ ಕಾಣುವುದಿಲ್ಲವಷ್ಟೆ? ಹಾಗೆಯೇ ಮುಂದಿನ ಶಿಖರ ಮರೆಮಾಡುವ ಭಾಗವನ್ನು ಬರೆಯದಂತೆ ಯಂತ್ರಕ್ಕೆ ಹೇಳಬೇಕಾಯಿತು. ಇಂಥ ಕೆಲಸಕ್ಕೆ ಸರಳವಾದ ಒಂದು ಉಪಾಯವುಂಟು. ಎಲ್ಲಕ್ಕಿಂತ ಕೆಳಗಿನ, ಎಂದರೆ ನಮಗೆ ಹತ್ತಿರದ, ಗೆರೆಯನ್ನು ಮೊದಲು ಬರೆಯುವುದು. ಕಾಗದದ ಅಗಲದ ಪ್ರತಿಯೊಂದು ಬಿಂದುವಿನಲ್ಲಿಯೂ ಗೆರೆ ಎಷ್ಟು ಎತ್ತರಕ್ಕೆ ಮುಟ್ಟಿತೆಂಬುದನ್ನು ನೆನಪಿಟ್ಟುಕೊಳ್ಳುವುದು. ಅದರ ಮೇಲಿನ ಗೆರೆ ಬಂದಾಗ ಆ ಎತ್ತರವನ್ನು ಮೀರಿದ ಭಾಗವನ್ನು ಮಾತ್ರ ಬರೆದು, ಉಳಿದುದನ್ನು ಬಿಡುವುದು. ಮೀರಿದ ಕಡೆ ಹೊಸ ಎತ್ತರವನ್ನು ನೆನಪಿಗೆ ಸೇರಿಸುವುದು. ಮನುಷ್ಯನಿಗೆ ತಲೆಚಿಟ್ಟು ಹಿಡಿಸುವ ಈ ಹೋಲಿಕೆಯನ್ನು ಯಂತ್ರ ಬೇಸರವಿಲ್ಲದೆ ಸಾವಿರಾರು ಸಲ ಮಾಡುತ್ತದೆ. ಹೊದಿಕೆಯ ಚಿತ್ರದಲ್ಲಿ ನಾವು ಕಾಣುವ ಆಳ, ಬೆಟ್ಟಸಾಲಿನ ಭ್ರಮೆ, ಹುಟ್ಟಿದ್ದು ಇಲ್ಲಿ. ಅದು ಅಲಂಕಾರಕ್ಕಾಗಿ ತಂದುದಲ್ಲ. ಗೊಂದಲವನ್ನು ಕಳೆಯಲು ಮಾಡಿದ ಏರ್ಪಾಡು.

ಚಿತ್ರದಲ್ಲಿರುವುದು ಒಂದಾದಮೇಲೊಂದರಂತೆ ಬಂದ ೮೦ ಸುತ್ತುಗಳು. ೮೦ನ್ನು ೧.೩೩೭೩ ಸೆಕೆಂಡಿನಿಂದ ಗುಣಿಸಿದರೆ ೧೦೭ ಸೆಕೆಂಡು. ನಕ್ಷತ್ರವೊಂದರ ಬಾಳಿನ ಒಂದು ನಿಮಿಷ ನಲವತ್ತೇಳು ಸೆಕೆಂಡುಗಳು ಆ ಚೌಕದೊಳಗೆ ಕೆಳಗಿನಿಂದ ಮೇಲಕ್ಕೆ ಪೇರಿಸಿಕೊಂಡಿವೆ.

ಇಷ್ಟರಿಂದಲೇ ಚಿತ್ರ ಸಿದ್ಧವಾಗಲಿಲ್ಲ. ಯಂತ್ರದಿಂದ ಬಂದ ಗೆರೆಗಳು ಅಚ್ಚಿಗೆ ಸಾಲುವಷ್ಟು ಕಡುಕಪ್ಪಾಗಿರಲಿಲ್ಲ. ಆದುದರಿಂದ ಕ್ರಾಫ್ಟ್ ಅವುಗಳನ್ನು ಕಾರ್ನೆಲ್‌ನಲ್ಲಿ ನಕ್ಷೆಗಳನ್ನು ಬರೆಯುತ್ತಿದ್ದ ಮಹಿಳೆಯೊಬ್ಬರ ಕೈಗೆ ಕೊಟ್ಟರು. ಅವರು ಎಂಬತ್ತು ಗೆರೆಗಳನ್ನೂ ಶಾಯಿಯಿಂದ ತಿದ್ದಿ ಬರೆದರು. ಗಣಕಯಂತ್ರದ ಚಿತ್ರವೆಂದು ಹೆಸರಾದ ಈ ರೇಖೆಗಳ ಮೇಲೆ ಒಬ್ಬ ಕುಶಲಕರ್ಮಿಯ ಕೈಯೂ ಆಡಿದೆಯೆಂಬುದನ್ನು ನಾವು ಮರೆಯಬಾರದು. ೧೯೭೦ರಲ್ಲಿ ಕ್ರಾಫ್ಟ್ ಅವರ ಪ್ರೌಢಪ್ರಬಂಧದಲ್ಲಿ ಚಿತ್ರ ಸೇರಿತು.

ಕಪ್ಪು ಬಿಳುಪಾದುದು, ಬಿಳುಪು ಕಪ್ಪಾದುದು

ಪ್ರೌಢಪ್ರಬಂಧಗಳು ಸಾಮಾನ್ಯವಾಗಿ ಗ್ರಂಥಾಲಯದ ಕಪಾಟನ್ನು ಬಿಟ್ಟು ಹೊರಡುವುದಿಲ್ಲ. ಈ ಚಿತ್ರ ಮಾತ್ರ ಹೊರಟಿತು. ೧೯೭೧ರ ಜನವರಿಯಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಜೆರೆಮಯ ಆಸ್ಟ್ರೈಕರ್ ಬರೆದ ಪಲ್ಸಾರುಗಳ ಲೇಖನದೊಡನೆ ಅಚ್ಚಾಯಿತು. ಅಲ್ಲಿಂದ ೧೯೭೪ರಲ್ಲಿ ‘ಗ್ರಾಫಿಸ್ ಡಯಾಗ್ರಾಮ್ಸ್’ ಎಂಬ ರೇಖಾಚಿತ್ರಗಳ ಸಂಕಲನಕ್ಕೆ, ೧೯೭೭ರಲ್ಲಿ ಕೇಂಬ್ರಿಜ್‌ನ ಖಗೋಳವಿಜ್ಞಾನ ವಿಶ್ವಕೋಶಕ್ಕೆ ಹೋಯಿತು. ಆ ವಿಶ್ವಕೋಶದಲ್ಲಿ ಅದನ್ನು ಕಂಡ ಜಾಯ್ ಡಿವಿಷನ್ ತಂಡದವರು, ತಮ್ಮ ಹೊದಿಕೆಗೆ ಇದೇ ಆಗಬೇಕೆಂದು ಪೀಟರ್ ಸ್ಯಾವಿಲ್ ಎಂಬ ತರುಣ ವಿನ್ಯಾಸಕಾರನಿಗೆ ಕೊಟ್ಟರು. ಹೊರಗೆ ಬಿಳುಪು, ಒಳಗೆ ಕಪ್ಪು ಎಂಬುದು ತಂಡದ ಬಯಕೆಯಾಗಿತ್ತು. ಸ್ಯಾವಿಲ್ ಅದನ್ನು ತಿರುಗುಮುರುಗು ಮಾಡಿ, ಬಿಳಿಯ ಕಾಗದದ ಮೇಲಿನ ಕಪ್ಪು ಗೆರೆಗಳನ್ನು ಕಪ್ಪಿನ ಮೇಲಿನ ಬಿಳಿಯ ಗೆರೆಗಳನ್ನಾಗಿಸಿದನು. ಗೆರೆಗಳ ಸುತ್ತ ಬೇಕಾದಷ್ಟು ಕತ್ತಲೆಯನ್ನು ಬಿಟ್ಟನು.

ಮುದ್ರಣದ ಕಲೆಯನ್ನು ಬಲ್ಲವರಿಗೆ ಇದರಲ್ಲಿ ಸ್ವಾರಸ್ಯವಿದೆ. ಭಾವಚಿತ್ರದಂಥವುಗಳಲ್ಲಿ ನಸುಗಪ್ಪಿನ ನಾನಾ ಛಾಯೆಗಳಿರುವುದರಿಂದ ಅಚ್ಚುಹಾಕುವ ಮೊದಲು ಅವುಗಳನ್ನು ಸಣ್ಣ ಚುಕ್ಕೆಗಳನ್ನಾಗಿ ಒಡೆಯಬೇಕಾಗುತ್ತದೆ. ನಕಲಿನ ನಕಲು ಮಾಡಿದಂತೆಲ್ಲ ಅವು ಮಸುಕಾಗುತ್ತ ಹೋಗುತ್ತವೆ. ಆದರೆ ಶುದ್ಧ ರೇಖಾಚಿತ್ರದಲ್ಲಿ ಮಸಿಯುಂಟು, ಇಲ್ಲವೆ ಮಸಿಯಿಲ್ಲ. ನಡುವಣ ಸ್ಥಿತಿಯೇ ಇಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಎಷ್ಟು ಸಲ ಸಾಗಿದರೂ ಈ ಚಿತ್ರ ಹದಗೆಡದಿದ್ದುದಕ್ಕೆ ಇದೇ ಕಾರಣ. ಕಪ್ಪು ಬಿಳುಪುಗಳನ್ನು ಅದಲುಬದಲು ಮಾಡುವುದೂ ಸುಲಭ. ಛಾಯಾಗ್ರಹಣದ ನೆಗೆಟಿವ್ ತಾನಾಗಿಯೇ ಆ ಕೆಲಸವನ್ನು ಮಾಡುತ್ತದೆ.

ಅಚ್ಚುಕೂಟದವನ ಕಷ್ಟ ಮಾತ್ರ ಇದರಿಂದ ಇಮ್ಮಡಿಯಾಗುತ್ತದೆ. ಬಿಳಿಯ ಕಾಗದದ ಮೇಲೆ ಕಪ್ಪು ಗೆರೆಯನ್ನು ಮುದ್ರಿಸುವಾಗ ಮಸಿ ಸ್ವಲ್ಪ ಹರಡಿದರೆ ಗೆರೆ ದಪ್ಪವಾದೀತು, ಅಷ್ಟೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಗೆರೆ ಬೇಕಾದಾಗ ಗೆರೆಯನ್ನು ಮುದ್ರಿಸುವುದೇ ಇಲ್ಲ. ಅದರ ಸುತ್ತಣ ಎಲ್ಲವನ್ನೂ ಮುದ್ರಿಸಿ, ಗೆರೆಯಷ್ಟು ಜಾಗದಲ್ಲಿ ಕಾಗದವನ್ನು ಬರಿದಾಗಿ ಬಿಡಬೇಕು. ಮಸಿ ತುಸುವೇ ಹರಡಿದರೂ ಎರಡು ಕಡೆಯಿಂದಲೂ ಒತ್ತಿಬಂದು ಕೂದಲೆಳೆಯಂಥ ಗೆರೆಯನ್ನು ನುಂಗಿಬಿಡುತ್ತದೆ. ಮಸಿಯನ್ನು ಕಡಮೆ ಮಾಡೋಣವೆಂದರೆ ಅಷ್ಟು ವಿಶಾಲವಾದ ಕಪ್ಪು ಸಮನಾಗಿ ಕೂಡದೆ ಬಣ್ಣಗೆಟ್ಟಂತೆ ತೋರುತ್ತದೆ. ಇದಲ್ಲದೆ ಈ ಹೊದಿಕೆಗೆ ಆರಿಸಿದ ರಟ್ಟು ನುಣುಪಾದುದಲ್ಲ. ಮುಟ್ಟಿದರೆ ಬೆರಳಿಗೆ ತರಿತರಿಯಾಗಿ ಹತ್ತುವಂಥದು. ಸಮನಲ್ಲದ ಮೈಯ ಮೇಲೆ ಸಮನಾದ ಕಪ್ಪನ್ನು ಕೂಡಿಸುವುದು ಎಷ್ಟು ಎಚ್ಚರದ ಕೆಲಸವೆಂಬುದನ್ನು ಮುದ್ರಣಕಾರರೇ ಬಲ್ಲರು.

ಅಳತೆಯನ್ನು ಕಳೆದುಕೊಂಡ ಚಿತ್ರ

ವಿಜ್ಞಾನದ ನಕ್ಷೆಗೆ ಅಡ್ಡಗೆರೆ ಯಾವುದು, ಉದ್ದಗೆರೆ ಯಾವುದು, ಒಂದು ಅಂಗುಲಕ್ಕೆ ಎಷ್ಟು ಕಾಲ ಎಂಬ ಅಳತೆಗಳೇ ಜೀವ. ಅಳತೆಯನ್ನು ಕಿತ್ತುಹಾಕಿದರೆ ಅದು ನಕ್ಷೆಯಾಗಿ ಉಳಿಯುವುದಿಲ್ಲ, ಬರಿಯ ಚಿತ್ರವಾಗುತ್ತದೆ. ಹೊದಿಕೆಯ ಮೇಲೆ ಆದುದು ಅದೇ. ಅಳತೆ ಹೋಯಿತು, ವಿವರಣೆ ಹೋಯಿತು, ನಕ್ಷತ್ರದ ಹೆಸರು ಹೋಯಿತು. ಹಾಗೆ ಬರಿದಾದುದರಿಂದಲೇ ಅದು ನೋಡುವವರ ಊಹೆಗೆ ಬಾಗಿಲನ್ನು ತೆರೆಯಿತೆಂಬುದನ್ನು ನಾವು ಒಪ್ಪುತ್ತೇವೆ. ಮುಂದಿನ ದಶಕಗಳಲ್ಲಿ ಆ ಗೆರೆಗಳು ಅಂಗಿಗಳ ಮೇಲೆ, ಗೋಡೆಯ ಹಾಳೆಗಳ ಮೇಲೆ ಮೂಡಿ, ಪಲ್ಸಾರ್ ಎಂಬ ಮಾತನ್ನೇ ಕೇಳದವರಿಗೂ ಪರಿಚಿತವಾದುವು. ಅಷ್ಟು ಜನರ ಕಣ್ಣಿಗೆ ಬಿದ್ದ ವಿಜ್ಞಾನದ ನಕ್ಷೆಗಳು ತೀರ ವಿರಳ.

ಆದರೆ ಅಳತೆಯೊಡನೆ ಮಾಡಿದವರ ಹೆಸರೂ ಹೋಯಿತೆಂಬುದು ಅಷ್ಟು ಸುಲಭವಾಗಿ ಒಪ್ಪತಕ್ಕ ಮಾತಲ್ಲ. ತನ್ನ ನಕ್ಷೆ ಹಾಡಿನ ಹೊದಿಕೆಯಾಗಿದೆಯೆಂಬ ಸುದ್ದಿ ಕ್ರಾಫ್ಟ್ ಅವರಿಗೆ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಅವರು ಅಂಗಡಿಗೆ ಹೋಗಿ, ತಮ್ಮದೇ ಚಿತ್ರವಿದ್ದ ತಟ್ಟೆಯನ್ನು ಎಲ್ಲರಂತೆ ಹಣ ತೆತ್ತು ಕೊಂಡುತಂದರು. ೨೦೧೫ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಚಿತ್ರಸಂಪಾದಕಿ ಜೆನ್ ಕ್ರಿಶ್ಚನ್ಸನ್ ಪುಸ್ತಕದಿಂದ ಪುಸ್ತಕಕ್ಕೆ ಹಿಮ್ಮುಖವಾಗಿ ಹುಡುಕುತ್ತ ಹೋಗಿ, ೧೯೭೦ರ ಪ್ರೌಢಪ್ರಬಂಧವನ್ನು ತಲಪಿ, ಮೂಲಕರ್ತೃವನ್ನು ಲೋಕಕ್ಕೆ ತಿಳಿಸಿದರು. ಹೊದಿಕೆ ಅಚ್ಚಾಗಿ ಆಗಲೇ ೩೬ ವರ್ಷಗಳಾಗಿದ್ದುವು. ನಕ್ಷತ್ರವನ್ನು ಮೊದಲು ಕಂಡ ಜಾಸ್ಲಿನ್ ಬೆಲ್ ಅವರ ಕಥೆಯೂ ಇದಕ್ಕೆ ದೂರವಲ್ಲ. ಪಲ್ಸಾರುಗಳ ಶೋಧಕ್ಕಾಗಿ ೧೯೭೪ರ ನೊಬೆಲ್ ಪಾರಿತೋಷಕ ಹ್ಯೂಯಿಷ್ ಅವರಿಗೆ ಬಂದಿತು, ಬೆಲ್ ಅವರಿಗೆ ಬರಲಿಲ್ಲ. ೨೦೧೮ರಲ್ಲಿ ಅವರಿಗೆ ಬೇರೊಂದು ದೊಡ್ಡ ಪ್ರಶಸ್ತಿ ದೊರೆತಾಗ, ಅದರ ೩೦ ಲಕ್ಷ ಡಾಲರುಗಳನ್ನು ಅವಕಾಶ ಕಡಮೆಯಿರುವ ಸಂಶೋಧನ ವಿದ್ಯಾರ್ಥಿಗಳ ವೇತನಕ್ಕಾಗಿ ಕೊಟ್ಟುಬಿಟ್ಟರು.

ಗಣಕಯಂತ್ರ ಬರೆದ ಚಿತ್ರವೆಂದೊಡನೆ ಅದಕ್ಕೆ ಕರ್ತೃವಿಲ್ಲವೆಂದು ಭಾವಿಸುವ ವಾಡಿಕೆ ಇಂದು ಹೆಚ್ಚುತ್ತಿದೆ. ಈ ಒಂದು ಹೊದಿಕೆಯ ಹಿಂದೆ ಎಷ್ಟು ಮಂದಿ ನಿಂತಿದ್ದಾರೆಂಬುದನ್ನು ಎಣಿಸಿ ನೋಡಿದರೆ ಆ ಭಾವನೆ ಕರಗಿಹೋದೀತು: ಕಾಗದದ ಮೇಲಿನ ಕಲೆಯನ್ನು ಬಿಡದೆ ಬೆನ್ನಟ್ಟಿದ ವಿದ್ಯಾರ್ಥಿನಿ, ಅಂಕಿಗಳಿಗೆ ಗೆರೆಯ ರೂಪವನ್ನು ಕೊಟ್ಟ ವಿದ್ಯಾರ್ಥಿ, ಶಾಯಿಯಿಂದ ಅದನ್ನು ತಿದ್ದಿದ ಮಹಿಳೆ, ಕಪ್ಪು ಬಿಳುಪನ್ನು ತಿರುಗಿಸಿದ ವಿನ್ಯಾಸಕಾರ, ಮಸಿ ಹರಡದಂತೆ ಕಾದ ಮುದ್ರಣಕಾರ.

ಅರೆಸಿಬೊದ ಆ ಮಹಾಪಾತ್ರೆ ಇಂದು ಇಲ್ಲ. ಮೇಲೆ ತೂಗುತ್ತಿದ್ದ ಉಪಕರಣಗಳ ಭಾರ ಕಳಚಿಬಿದ್ದು ೨೦೨೦ರ ಡಿಸೆಂಬರ್ ೧ರಂದು ಅದು ನಾಶವಾಯಿತು. ನಕ್ಷತ್ರ ಮಾತ್ರ ಈಗಲೂ ೧.೩೩೭ ಸೆಕೆಂಡಿಗೊಮ್ಮೆ ಮಿಡಿಯುತ್ತಿದೆ. ಓದುಗರು ಈ ಲೇಖನವನ್ನು ಓದಿ ಮುಗಿಸುವಷ್ಟರಲ್ಲಿ ಅದು ಹೊದಿಕೆಯ ಮೇಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಗೆರೆಗಳಿಗೆ ಸಾಲುವಷ್ಟು ಸುತ್ತುಗಳನ್ನು ತಿರುಗಿರುತ್ತದೆ.